ಗೋಡೆ ಹೊರುವಷ್ಟು ಸೂರು

ಮನೆಯ ಸೂರಿನ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಮೇಲಿನಿಂದ ಶುರು ಮಾಡುತ್ತಾರೆ. ಹುಲ್ಲು, ಹೆಂಚು, ಕಲ್ಲು, ತಗಡು ಎಂದು ಹೊದಿಕೆಗಳನ್ನು ಎಣಿಸುತ್ತಾ ಹೋಗುತ್ತಾರೆ. ಮನೆ ಕಟ್ಟುವ ಮೇಸ್ತ್ರಿ ಮಾತ್ರ ಕೆಳಗಿನಿಂದ ಲೆಕ್ಕ ಹಾಕುತ್ತಾನೆ. ಈ ಗೋಡೆ ಎಷ್ಟು ಭಾರ ತಡೆಯುತ್ತದೆ, ತೊಲೆಗೆ ಮರ ಎಲ್ಲಿ ಸಿಗುತ್ತದೆ, ಮಳೆಗೆ ಸೋರಿದರೆ ಯಾರು ಹತ್ತಿ ಸರಿಮಾಡುತ್ತಾರೆ, ಇಷ್ಟು ಗೊತ್ತಾದ ಮೇಲೆ ಹೊದಿಕೆ ಯಾವುದೆಂಬುದು ಬಹುಮಟ್ಟಿಗೆ ತೀರ್ಮಾನವಾಗಿಬಿಟ್ಟಿರುತ್ತದೆ. ಬೇತಮಂಗಲ, ಬಂಗಾರಪೇಟೆ, ಕೋಲಾರ ಚಿನ್ನದ ಗಣಿ (ಕೆಜಿಎಫ್), ಈ ಮೂರರ ನಡುವಿನ ಸೀಮೆಯ ಸೂರುಗಳ ಚರಿತ್ರೆಯನ್ನು ಆ ಮೇಸ್ತ್ರಿಯ ಕಣ್ಣಿನಿಂದ ಓದಿದರೆ ಇಂದಿನ ಒಂದು ಪ್ರಶ್ನೆಗೆ ಉತ್ತರ ಸಿಗುತ್ತದೆ. ಸೋಲಾರ್ ಫಲಕಗಳನ್ನು ಚಾವಣಿಯ ಮೇಲೆ ಸ್ಟ್ಯಾಂಡ್ ಹಾಕಿ ನಿಲ್ಲಿಸುವ ಬದಲು ಫಲಕವನ್ನೇ ಚಾವಣಿಯಾಗಿ ಹೊದಿಸುವ ಕ್ರಮವೊಂದಿದೆ. ಹೆಂಚಿನ ಜಾಗದಲ್ಲಿ, ಶೀಟಿನ ಜಾಗದಲ್ಲಿ ಫಲಕವೇ ಕೂರುತ್ತದೆ. ಅದರಡಿ ಮಳೆ ತಡೆಯಲು ಇನ್ನೊಂದು ಹೊದಿಕೆ ಇರಬೇಕಾಗಿಲ್ಲ. ಇದು ಸಿರಿವಂತರ ಬಂಗಲೆಗೆ ಒಪ್ಪುವ ಸೊಗಸೆಂದು ಬಹಳ ಜನ ತಿಳಿದಿದ್ದಾರೆ. ನಾನು ಹೇಳಹೊರಟಿರುವುದು ಬೇರೆ. ಈ ಹೊದಿಕೆಗೆ ನಿಜವಾಗಿ ಹೊಂದುವ ಮನೆ ಶೀಟಿನ ಮನೆ, ಶೀಟು ತಗಡಿನದಿರಲಿ ಸಿಮೆಂಟಿನದಿರಲಿ. ಅಂಥ ಮನೆಗಳು ಗಣಿ ಕಾರ್ಮಿಕರ ಹಳೆಯ ವಸತಿ ಲೈನುಗಳಲ್ಲಿ ಸಾಲುಗಟ್ಟಿ ನಿಂತಿವೆ.

ಬೇತಮಂಗಲಕ್ಕೆ ಹಳೆಯ ಶಾಸನಗಳಲ್ಲಿ ವಿಜಯಾದಿತ್ಯಮಂಗಲವೆಂಬ ಹೆಸರಿದೆ. ಪಾಲಾರ್ ನದಿಯ ನೀರು ತಡೆದು ಕಟ್ಟಿದ ದೊಡ್ಡ ಕೆರೆಯ ಊರದು. ಗಂಗರೂ ನೊಳಂಬರೂ ಆಳಿದ ಈ ಭಾಗದಲ್ಲಿ ಹೊದಿಕೆಯ ಮೊದಲ ದೊಡ್ಡ ಪಾಠ ಕಲಿಸಿದ್ದು ಕಲ್ಲು. ಹತ್ತಿರದ ಆವನಿಯ ರಾಮಲಿಂಗೇಶ್ವರ ದೇವಾಲಯಗಳಲ್ಲಿ ತಲೆಯೆತ್ತಿ ನೋಡಿದರೆ ಕಾಣುವುದು ತೊಲೆಗಲ್ಲಿನಿಂದ ತೊಲೆಗಲ್ಲಿಗೆ ಹಾಸಿದ ಚಪ್ಪಡಿ. ಕೋಲಾರದ ಬಂಡೆಗೆ ಒಂದು ಗುಣವಿದೆ. ನೆಲಕ್ಕೆ ಹರಡಿಕೊಂಡ ಹಾಸುಬಂಡೆಯ ಮೇಲೆ ಸೌದೆ ಪೇರಿಸಿ ಬೆಂಕಿ ಹಾಕಿ, ಆ ಬೆಂಕಿಯನ್ನು ನಿಧಾನವಾಗಿ ಸರಿಸುತ್ತಾ ಹೋದರೆ ಮೇಲಿನ ಪದರ ಹಿಗ್ಗಿ ಕೆಳಗಿನ ಬಂಡೆಯಿಂದ ಬಿಟ್ಟುಕೊಳ್ಳುತ್ತದೆ. ಸುತ್ತಿಗೆಯಿಂದ ತಟ್ಟಿ ಸದ್ದಿನಲ್ಲೇ ಪದರ ಎಲ್ಲಿಯವರೆಗೆ ಬಿಟ್ಟಿದೆಯೆಂದು ಕಲ್ಲು ಕೆಲಸದವರು ಗುರುತಿಸುತ್ತಿದ್ದರು. ಆಮೇಲೆ ಉಳಿ ಹೊಡೆದು ಬೇಕಾದ ಅಗಲಕ್ಕೆ ಸೀಳಿಕೊಳ್ಳುವುದು. ತಲೆಮಾರುಗಳಿಂದ ಈ ಕಸುಬನ್ನು ಉಳಿಸಿಕೊಂಡವರಲ್ಲಿ ಬೋವಿಗಳು ಮುಖ್ಯರು. ದೇವಾಲಯದ ಚಪ್ಪಡಿ ಕ್ರಮೇಣ ಮನೆಗೂ ಇಳಿಯಿತು. ಕೋಲಾರ ಜಿಲ್ಲೆಯ ಹಳ್ಳಿಗಳಲ್ಲಿ ಕಲ್ಲು ಕಂಬ ನೆಟ್ಟು ಚಪ್ಪಡಿ ಹೊದಿಸಿದ ಮನೆ, ಕೊಟ್ಟಿಗೆ, ಜಗುಲಿ ಇಂದಿಗೂ ಕಣ್ಣಿಗೆ ಬೀಳುತ್ತವೆ. ಬೇರೆ ಸೀಮೆಯವರಿಗೆ ಇದು ಅಚ್ಚರಿ. ಇಲ್ಲಿನವರಿಗೆ ಕಲ್ಲೇ ಮರಕ್ಕಿಂತ ಸಲೀಸು.

ನಾಲ್ಕು ಅಂಗುಲ ದಪ್ಪದ ಚಪ್ಪಡಿ ಒಂದು ಚದರ ಮೀಟರಿಗೆ 260 ಕೆಜಿಗೂ ಹೆಚ್ಚು ತೂಗುತ್ತದೆ. ಅದನ್ನು ಹೊರಲು ಕಲ್ಲಿನ ಗೋಡೆಯೋ ಕಲ್ಲು ಕಂಬವೋ ಬೇಕು. ಹಾಗಾಗಿ ಚಪ್ಪಡಿ ಹೊದಿಸಿದ್ದು ನೆಲದ ಒಡೆತನವಿದ್ದವರ, ಊರಲ್ಲಿ ತಲೆಮಾರುಗಟ್ಟಲೆ ನಿಲ್ಲುವವರ ಮನೆಗೆ. ಮಣ್ಣಿನ ಗೋಡೆಯವರು ತೊಲೆ, ಜಂತೆ ಹಾಸಿ ಮೇಲೆ ಮಣ್ಣು ಮೆತ್ತಿ ಮಾಳಿಗೆ ಮಾಡಿಕೊಂಡರು; ಇಲ್ಲವೇ ಕುಂಬಾರರು ಸುಟ್ಟ ನಾಡಹೆಂಚು ಹೊದಿಸಿದರು. ಈ ಕಡೆಯ ಮಾತಿನಲ್ಲಿ ಮಿದ್ದೆ ಎನ್ನುವ ಆ ಸಮತಟ್ಟಾದ ಮಾಳಿಗೆ ಬರೀ ಹೊದಿಕೆಯಾಗಿರಲಿಲ್ಲ. ಹುಣಸೆಹಣ್ಣು, ಮೆಣಸಿನಕಾಯಿ, ರಾಗಿ ಒಣಗುತ್ತಿದ್ದುದೂ ಬೇಸಿಗೆಯ ರಾತ್ರಿ ಜನ ಮಲಗುತ್ತಿದ್ದುದೂ ಅದರ ಮೇಲೆಯೇ. 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಆರಂಭಿಸಿದ ಹೆಂಚಿನ ಕಾರ್ಖಾನೆ ಒಂದಕ್ಕೊಂದು ಕೊಂಡಿಯಂತೆ ಕೂರುವ ಹೆಂಚನ್ನು ಕೊಟ್ಟಿತು. ಅದೇ ಬಗೆಯ ಹೆಂಚು ಮುಂದೆ ಬಯಲುಸೀಮೆಗೂ ಹರಡಿತು. ಇದೇ ಜಿಲ್ಲೆಯ ಮಾಲೂರು ಇಟ್ಟಿಗೆಗೂ ಹೆಂಚಿಗೂ ಹೆಸರಾಯಿತು. ಒಂದು ಚದರ ಮೀಟರಿಗೆ 40 ಕೆಜಿ ಆಸುಪಾಸಿನ ಈ ಹೊದಿಕೆಗೆ ತೆಳು ಗೋಡೆಯೂ ಸಾಕಾಯಿತು. ಆದರೆ ಅಡಿಯಲ್ಲಿ ನೇರವಾದ ಮರದ ರೀಪರು ಬೇಕು, ಮಳೆಗಾಲಕ್ಕೆ ಮುಂಚೆ ಹೆಂಚು ಕೈಯಾಡಿಸುವ ಜನ ಬೇಕು. ಕೂಲಿ ಮಾಡಿ ಬಾಳುವವರಿಗೆ ಇವೆರಡೂ ಖರ್ಚಿನ ಬಾಬ್ತೇ.

ಹೊಸ ಬಗೆಯ ಗೋಡೆ ಬಂದದ್ದು ಗಣಿಯಿಂದ. 1870ರ ದಶಕದಲ್ಲಿ ಮೈಕೆಲ್ ಲವೆಲ್ ಪರವಾನಗಿ ಪಡೆದು ಅಗೆದು ನೋಡಿದ ನೆಲವನ್ನು 1880ರಲ್ಲಿ ಜಾನ್ ಟೇಲರ್ ಕಂಪನಿ ಕೈಗೆತ್ತಿಕೊಂಡಿತು. ಮುಂದಿನ ಹತ್ತು ಹದಿನೈದು ವರ್ಷದಲ್ಲಿ ಮಾರಿಕುಪ್ಪಂ, ಚಾಂಪಿಯನ್ ರೀಫ್, ಊರ್ಗಾಂ ಸುತ್ತ ಸಾವಿರಾರು ಕೂಲಿಗಳು ಬಂದು ನೆಲೆನಿಂತರು. ಹೆಚ್ಚಿನವರು ತಮಿಳು ಜಿಲ್ಲೆಗಳಿಂದ, ಹಲವರು ತೆಲುಗು ಸೀಮೆಯಿಂದ ಬಂದವರು, ಅವರಲ್ಲಿ ಬಹುಪಾಲು ದಲಿತರು. ಅವರಿಗೆ ಕಟ್ಟಿಸಿದ ಮನೆಯ ಗೋಡೆ ಬಿದಿರಿನ ತಟ್ಟಿ. ಚಪ್ಪಡಿಯಾಗಲಿ ಹೆಂಚಾಗಲಿ ತಟ್ಟಿಯ ಮೇಲೆ ನಿಲ್ಲದು. ಅದರ ಮೇಲೆ ಕೂತದ್ದು ಏರಿಳಿತದ ತಗಡು. ಹೆನ್ರಿ ಪಾಮರ್ ಎಂಬ ಇಂಗ್ಲಿಷ್ ಎಂಜಿನಿಯರ್ 1829ರಲ್ಲಿ ಪೇಟೆಂಟ್ ಪಡೆದ ವಸ್ತುವಿದು. ಸತು ಲೇಪಿಸುವ ವಿದ್ಯೆ ಸೇರಿದ ಮೇಲೆ ತುಕ್ಕು ತಡೆಯುವ ಶಕ್ತಿ ಬಂತು. ಚದರ ಮೀಟರಿಗೆ ಐದು ಕೆಜಿ ತೂಕ. ಇಬ್ಬರು ಎತ್ತಿ ಮೊಳೆ ಹೊಡೆದರೆ ಒಂದು ಪೂರ್ವಾಹ್ನದಲ್ಲಿ ಮನೆಗೆ ಸೂರು. 1894ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಗಣಿಗೆ ರೈಲಿನ ಕವಲು ಹಾದಿ ತೆರೆದಾಗ ಮದರಾಸು ಬಂದರಿನಲ್ಲಿ ಇಳಿದ ಸರಕು ನೇರವಾಗಿ ಮಾರಿಕುಪ್ಪಂವರೆಗೆ ಬರುವಂತಾಯಿತು. ಬೇತಮಂಗಲದ ಕೈಯಲ್ಲಿದ್ದ ತಾಲ್ಲೂಕಿನ ಕೇಂದ್ರವೂ ರೈಲಿರುವ ಬೌರಿಂಗ್‌ಪೇಟೆಗೆ ಸರಿದಿತ್ತು. ತಗಡಿನ ಮನೆ ಹರಡಿದ್ದರ ಹಿಂದೆ ಕಂಪನಿಯ ಜಿಪುಣತನ ಇದ್ದೇ ಇದೆ. ಆದರೂ ಅದೊಂದೇ ಕಾರಣವೆಂದರೆ ಚರಿತ್ರೆ ಅರ್ಧವಾಗುತ್ತದೆ. ರಾಕ್‌ಬರ್ಸ್ಟ್ ಎಂದು ಗಣಿಯವರು ಕರೆಯುವ ಬಂಡೆ ಸಿಡಿತ ಪಾತಾಳದಲ್ಲಿ ಆದಾಗ ನೆಲದ ಮೇಲಿನ ಕಟ್ಟಡಗಳೂ ನಡುಗುತ್ತಿದ್ದವು. ಮೂರು ಕಿಲೋಮೀಟರಿಗಿಂತ ಆಳಕ್ಕೆ ಹೋದ ಗಣಿಯದು. ಈ ಸಿಡಿತಗಳ ಅಧ್ಯಯನಕ್ಕೆಂದೇ ಉಪಕರಣ ಜಾಲ ಹರಡಿಕೊಂಡ ಊರದು. ಅಂಥ ನೆಲದ ಮೇಲೆ ಹಗುರವಾದ ಸೂರು ತಲೆಯ ಮೇಲೆ ಬಿದ್ದರೂ ಜೀವ ತೆಗೆಯುವ ಸಂಭವ ಕಡಿಮೆ. ತಗಡಿನ ದೋಷ ಬೇರೆಯದು. ಏಪ್ರಿಲ್ ಮಧ್ಯಾಹ್ನ ಅದು ಕಾದ ಬಾಣಲೆ, ಮಳೆ ಬಂದರೆ ಮಾತು ಕೇಳದಷ್ಟು ಸದ್ದು. ರಾತ್ರಿ ಪಾಳಿ ಮುಗಿಸಿ ಹಗಲು ಮಲಗಬೇಕಾದವನಿಗೆ ಆ ಸೂರಿನಡಿ ನಿದ್ದೆ ಎಂಬುದು ಎಷ್ಟು ದೂರದ್ದೆಂದು ಊಹಿಸಿಕೊಳ್ಳಬಹುದು.

ಇದೇ ಲೈನುಗಳ ಮಗ್ಗುಲಲ್ಲೇ 1902ರ ಜೂನ್ 30ರಂದು ಭಾರತದ ವಿದ್ಯುತ್ತಿನ ಚರಿತ್ರೆ ಹೊಸ ತಿರುವು ಪಡೆಯಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಆಡಳಿತ ಕಾಲದಲ್ಲಿ ರೂಪುಗೊಂಡು ಎ. ಜೋಲಿ ಡಿ ಲಾಟ್ಬಿನಿಯರ್ ಎಂಬ ಎಂಜಿನಿಯರನ ಕೈಯಲ್ಲಿ ಪೂರ್ಣಗೊಂಡ ಶಿವನಸಮುದ್ರದ ಜಲವಿದ್ಯುತ್ ಯೋಜನೆ, ಸುಮಾರು 92 ಮೈಲಿ ತಂತಿ ಎಳೆದು ಗಣಿಯ ಯಂತ್ರಗಳನ್ನು ತಿರುಗಿಸಿತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು ಮೂರು ವರ್ಷ ತಡೆದು, 1905ರ ಆಗಸ್ಟಿನಲ್ಲಿ. ಕೋಲಾರಕ್ಕೆ ಬೆಂಗಳೂರಿಗಿಂತ ಮೊದಲೇ ಕರೆಂಟು ಬಂತೆಂದು ಈ ಭಾಗದವರು ಹೆಮ್ಮೆಯಿಂದ ಹೇಳುತ್ತಾರೆ, ಅದು ಸರಿಯೇ. ಆದರೆ ಆ ಕರೆಂಟಿನ ಗಿರಾಕಿ ಯಾರೆಂದೂ ಕೇಳಬೇಕು. ಅದು ಬಂದದ್ದು ಅದಿರು ಎತ್ತುವ, ನೀರು ಹೊರಹಾಕುವ, ಕಲ್ಲು ಕುಟ್ಟುವ ಯಂತ್ರಕ್ಕೆ. ತಟ್ಟಿ ಗೋಡೆಯ ಮನೆಗಾಗಿ ಯಾರೂ ಆ ತಂತಿ ಎಳೆಯಲಿಲ್ಲ. ಬೇತಮಂಗಲದ ಕೆರೆ ಗಣಿಯ ಊರುಗಳಿಗೆ ಕುಡಿಯುವ ನೀರು ಕೊಟ್ಟಿತು. ಪ್ರತಿಯಾಗಿ ಸೀಮೆಯ ಹಳ್ಳಿಗಳಿಗೆ ಬೆಳಕು ಬಂತೇ ಎಂದರೆ, ಮೈಸೂರು ಸೀಮೆಯ ಹಳ್ಳಿ ಹಳ್ಳಿಗೆ ಕರೆಂಟು ತಲುಪಲು ಇನ್ನೂ ಹಲವು ದಶಕ ಹಿಡಿಯಿತು. ದೂರದಲ್ಲಿ ಹುಟ್ಟಿ ದೊಡ್ಡ ಗಿರಾಕಿಯ ಕಡೆ ಹರಿಯುವ ವಿದ್ಯುತ್ತು ದಾರಿಯ ಮನೆಗಳ ನೆತ್ತಿಯ ಮೇಲೆ ದಾಟಿಹೋಗುತ್ತದೆ. ಸೂರೇ ವಿದ್ಯುತ್ತು ಹುಟ್ಟಿಸುವ ಮಾತಿಗೆ ಈ ಸೀಮೆಯಲ್ಲಿ ಬೇರೆಡೆ ಇಲ್ಲದ ತೂಕ ಬರುವುದು ಇದರಿಂದ.

ಬೆಳಕಿನಿಂದ ವಿದ್ಯುತ್ತು ತೆಗೆಯುವ ಸಿಲಿಕಾನ್ ಕೋಶವನ್ನು ಅಮೆರಿಕದ ಬೆಲ್ ಪ್ರಯೋಗಾಲಯ 1954ರ ಏಪ್ರಿಲ್‌ನಲ್ಲಿ ಲೋಕಕ್ಕೆ ತೋರಿಸಿತು. ಬಿದ್ದ ಬೆಳಕಿನಲ್ಲಿ ನೂರಕ್ಕೆ ಆರು ಪಾಲು ಮಾತ್ರ ವಿದ್ಯುತ್ತಾಗುತ್ತಿತ್ತು. ಅದನ್ನು ಸೂರಿನೊಳಗೆ ಬೆಸೆಯುವ ಪ್ರಯತ್ನ 1973ರಲ್ಲಿ ಡೆಲವೇರ್ ವಿಶ್ವವಿದ್ಯಾಲಯ ಕಟ್ಟಿದ ಸೋಲಾರ್ ಒನ್ ಎಂಬ ಮನೆಯಲ್ಲಿ ನಡೆಯಿತು. 1980ರ ಸುಮಾರಿಗೆ ಮ್ಯಾಸಚೂಸೆಟ್ಸಿನ ಕಾರ್ಲೈಲ್‌ನಲ್ಲಿ ಏಳೂವರೆ ಕಿಲೋವ್ಯಾಟಿನ ಸೂರುಳ್ಳ ಮನೆ ಎದ್ದಿತು. ಆಮೇಲಿನ ದಾರಿ ಮಾತ್ರ ಅಡ್ಡ ಹೋಯಿತೆಂದು ನನ್ನ ಅಭಿಪ್ರಾಯ. ಡೌ ಕಂಪನಿ 2011ರಲ್ಲಿ ಮಾರುಕಟ್ಟೆಗೆ ತಂದು 2016ರಲ್ಲಿ ನಿಲ್ಲಿಸಿದ ಸೋಲಾರ್ ಹೆಂಚಾಗಲಿ, ಅದೇ ವರ್ಷ ಟೆಸ್ಲಾ ಘೋಷಿಸಿದ ಗಾಜಿನ ಸೂರಾಗಲಿ, ಎರಡೂ ದುಬಾರಿ ಮನೆಯ ಹೆಂಚಿನ ಚೆಲುವನ್ನು ಅನುಕರಿಸಲು ಹೊರಟವು. ಚಿಕ್ಕ ಚಿಕ್ಕ ಹೆಂಚು ಎಂದರೆ ನೂರಾರು ತಂತಿ ಜೋಡಣೆ, ನೂರಾರು ಸಂದು. ಕೂಲಿಯೂ ಹೆಚ್ಚು, ದೋಷ ಹುಡುಕುವುದೂ ಕಷ್ಟ. ಕಾಣಲು ಚೆಂದವಿರಬೇಕೆಂಬ ಹಟಕ್ಕೆ ತಂತ್ರಜ್ಞಾನ ಬೆಲೆ ತೆತ್ತಿತು.

ಕರ್ನಾಟಕದಲ್ಲಿ ಈ ಚರಿತ್ರೆಯ ಎರಡು ಮೈಲಿಗಲ್ಲು ಹತ್ತಿರದಲ್ಲೇ ಇವೆ. ಬಂಗಾರಪೇಟೆ ತಾಲ್ಲೂಕಿನ ಯಳೇಸಂದ್ರದಲ್ಲಿ ಕರ್ನಾಟಕ ವಿದ್ಯುತ್ ನಿಗಮ 2009ರ ಕೊನೆಯಲ್ಲಿ 3 ಮೆಗಾವ್ಯಾಟಿನ ಸೌರ ಸ್ಥಾವರವನ್ನು ಗ್ರಿಡ್ಡಿಗೆ ಜೋಡಿಸಿತು. ದೇಶದಲ್ಲಿ ಆ ಪ್ರಮಾಣದ ಮೊದಮೊದಲ ಸ್ಥಾವರಗಳಲ್ಲಿ ಅದೊಂದು. 1902ರಲ್ಲಿ ಹೊರಗಿನಿಂದ ಕರೆಂಟು ತರಿಸಿಕೊಂಡ ಸೀಮೆ ನೂರೇಳು ವರ್ಷದ ಮೇಲೆ ತನ್ನ ಬಿಸಿಲಿನಿಂದ ತಾನೇ ಹುಟ್ಟಿಸಿಕೊಂಡಿತು. ಆದರೆ ಅದಕ್ಕೂ ಹತ್ತು ಎಕರೆಗಿಂತ ಹೆಚ್ಚು ನೆಲ ಬೇಕಾಯಿತು. ಇನ್ನೊಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯದು. ಅಲ್ಲಿನ ಸುಸ್ಥಿರ ತಂತ್ರಜ್ಞಾನಗಳ ಕೇಂದ್ರದಲ್ಲಿ 5.25 ಕಿಲೋವ್ಯಾಟಿನ ಫಲಕಗಳನ್ನೇ ಹೊದಿಸಿದ ಪ್ರಾಯೋಗಿಕ ಸೂರನ್ನು ನಿಲ್ಲಿಸಿ, ಪ್ರಾಧ್ಯಾಪಕ ಮಾಂಟೋ ಮಣಿ ಮತ್ತು ಸಂಗಡಿಗರು ಅದರ ನಡವಳಿಕೆಯನ್ನು ಅಳೆದರು. ಫಲಕ ಎಷ್ಟು ಕರೆಂಟು ಕೊಡುತ್ತದೆ ಎಂಬಷ್ಟೇ ಮುಖ್ಯವಾಗಿ ಅದರ ಕೆಳಗಿನ ಕೋಣೆ ಹೇಗಿರುತ್ತದೆ ಎಂದು ಅವರು ಕೇಳಿದರು. ಸೂರಿನ ವಿಚಾರದಲ್ಲಿ ಕೇಳಬೇಕಾದ ಪ್ರಶ್ನೆಯೇ ಅದು.

ಈಗ ಮೇಸ್ತ್ರಿಯ ಲೆಕ್ಕಕ್ಕೆ ಬರೋಣ. ಗಾಜು ಹೊದ್ದ ಸಾಮಾನ್ಯ ಸೋಲಾರ್ ಫಲಕ ಚದರ ಮೀಟರಿಗೆ 10ರಿಂದ 15 ಕೆಜಿ ತೂಗುತ್ತದೆ. ಚಪ್ಪಡಿಯ ಇಪ್ಪತ್ತರಲ್ಲೊಂದು ಭಾಗ, ಹೆಂಚಿನ ಮೂರರಲ್ಲೊಂದು ಭಾಗ, ಸಿಮೆಂಟ್ ಶೀಟಿಗೆ ಹೆಚ್ಚುಕಡಿಮೆ ಸಮ. ಆರ್‌ಸಿಸಿ ತಾರಸಿಯುಳ್ಳ ಮನೆಯವರಿಗೆ ಫಲಕದ ಸೂರು ಬೇಕಾಗಿಯೇ ಇಲ್ಲ. ಅವರಿಗೆ ಮಳೆ ತಡೆಯುವ ಹೊದಿಕೆ ಆಗಲೇ ಇದೆ. ಸ್ಟ್ಯಾಂಡ್ ಮೇಲೆ ಫಲಕ ನಿಲ್ಲಿಸಿದರೆ ಸಾಕು, ಕೆಳಗೆ ಬಟ್ಟೆ ಒಣಗಿಸುವ ಜಾಗವೂ ಉಳಿಯುತ್ತದೆ. ಶೀಟಿನ ಮನೆಯವರ ಪಾಡು ಬೇರೆ. ಹಳೆಯ ಶೀಟಿನ ಮೇಲೆ ಮತ್ತೆ ಫಲಕ ಹೇರಿದರೆ ಭಾರ ಇಮ್ಮಡಿ, ತೂತು ಇಮ್ಮಡಿ. ಶೀಟನ್ನು ಹೇಗೂ ಹದಿನೈದಿಪ್ಪತ್ತು ವರ್ಷಕ್ಕೊಮ್ಮೆ ಬದಲಿಸಬೇಕು. ಬದಲಿಸುವ ಆ ಸರದಿಯಲ್ಲಿ ಶೀಟಿನ ದುಡ್ಡನ್ನು ಉಳಿಸಿ ಫಲಕಕ್ಕೆ ಹಾಕಿದರೆ ಒಂದು ಖರ್ಚಿನಲ್ಲಿ ಎರಡು ಕೆಲಸ. ದಿಕ್ಕಿನ ತೊಡಕೂ ಇಲ್ಲಿ ಕಡಿಮೆ. ಈ ಸೀಮೆ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ, ಸೂರ್ಯ ವರ್ಷದ ಬಹುಭಾಗ ನೆತ್ತಿಯ ಹತ್ತಿರವೇ ಓಡಾಡುತ್ತಾನೆ. ಇಳಿಜಾರು ಕಡಿಮೆಯಿರುವ ಶೀಟಿನ ಸೂರು ಯಾವ ದಿಕ್ಕಿಗೆ ಮುಖ ಮಾಡಿದ್ದರೂ ಜರ್ಮನಿಯಲ್ಲಾಗುವಷ್ಟು ನಷ್ಟವಿಲ್ಲ. ನೂರು ಚದರಡಿ ಹೊದಿಕೆಯಲ್ಲಿ ಅಂಚು ಬಿಟ್ಟು ಒಂದೂವರೆ ಕಿಲೋವ್ಯಾಟ್ ಕೂರಿಸಬಹುದು. ದಿನಕ್ಕೆ ಸರಾಸರಿ ಐದಾರು ಯೂನಿಟ್. ಎರಡು ಕೋಣೆಯ ಮನೆಯೊಂದರ ದೀಪ, ಫ್ಯಾನು, ಟಿವಿ, ಮಿಕ್ಸಿಗೆ ಇದು ಧಾರಾಳ.

ಮೊದಲ ಆಕ್ಷೇಪ ಸೆಕೆಯದು, ಮತ್ತು ಅದು ನ್ಯಾಯವಾದದ್ದು. ತಗಡಿನಂತೆ ಫಲಕವೂ ಕಾಯುತ್ತದೆ. ಕಾದಷ್ಟೂ ಸಿಲಿಕಾನ್ ಫಲಕದ ಉತ್ಪಾದನೆ ಕುಸಿಯುತ್ತದೆ. 25 ಡಿಗ್ರಿಗಿಂತ ಮೇಲೆ ಪ್ರತಿ ಡಿಗ್ರಿಗೆ ನೂರಕ್ಕೆ ಅರ್ಧಕ್ಕಿಂತ ತುಸು ಕಡಿಮೆ ಎಂದು ಸ್ಥೂಲವಾಗಿ ಲೆಕ್ಕ. ಫಲಕ 60 ಡಿಗ್ರಿ ಮುಟ್ಟಿದರೆ ನೂರಕ್ಕೆ ಹದಿನೈದು ಪಾಲಿನಷ್ಟು ಹೋಯಿತು. ಹಾಗಾಗಿ ಫಲಕವನ್ನು ನೇರವಾಗಿ ತಲೆಯ ಮೇಲೆ ಹೊದಿಸಿ ಬಿಟ್ಟರೆ ತಗಡಿನ ಮನೆಯ ಸಂಕಟವೇ ಗಾಜಿನ ರೂಪದಲ್ಲಿ ಮರಳಿ ಬರುತ್ತದೆ. ಅದಕ್ಕೆ ಮದ್ದು ಹೊಸದೇನಲ್ಲ. ಹೊದಿಕೆಯ ಕೆಳಗೆ ಒಂದು ಗೇಣು ಗಾಳಿ ಆಡುವಂತೆ ಜಾಗ ಬಿಟ್ಟು ಒಳಚಾವಣಿ ಕಟ್ಟಿ, ಸೂರಿನ ತುದಿಯಲ್ಲಿ ಬಿಸಿಗಾಳಿ ಹೊರಹೋಗುವ ಕಿಂಡಿ ಇಟ್ಟರೆ ಫಲಕವೂ ತಣಿಯುತ್ತದೆ, ಮನೆಯವರೂ ತಣಿಯುತ್ತಾರೆ. ಗಣಿ ಸಾಹೇಬರ ಬಂಗಲೆಗಳಲ್ಲಿ ಎತ್ತರದ ಒಳಚಾವಣಿಯೂ ಗಾಳಿಕಿಂಡಿಯೂ ನೂರು ವರ್ಷದ ಹಿಂದೆಯೇ ಇದ್ದವು. ಕೂಲಿಯ ಮನೆಗೆ ಅದನ್ನು ಕೊಡಲಿಲ್ಲ, ಅಷ್ಟೇ. ಈ ಸಲ ಆ ತಪ್ಪು ಮರುಕಳಿಸಬಾರದು. ಒಳಚಾವಣಿಯಿಲ್ಲದ ಫಲಕದ ಸೂರನ್ನು ಯಾರಾದರೂ ಅಗ್ಗಕ್ಕೆ ತಂದು ಹೊದಿಸಿದರೆ ಅದನ್ನು ಬೇಡವೆನ್ನುವುದೇ ಸರಿ.

ಎರಡನೆಯದು ಧೂಳು. ಗಣಿಯ ಅದಿರನ್ನು ಅರೆದು ಚಿನ್ನ ತೆಗೆದ ಮೇಲೆ ಉಳಿದ ನುಣುಪು ಮಣ್ಣಿನ ಗುಡ್ಡಗಳು ಕೆಜಿಎಫ್‌ನ ಗುರುತೇ ಆಗಿವೆ. ಸೈನೈಡ್ ಗುಡ್ಡ ಎಂದು ಜನ ಕರೆಯುವ ಆ ರಾಶಿಯಿಂದ ಆಷಾಢದ ಗಾಳಿಗೆ ಎದ್ದ ಧೂಳು ಮನೆಗಳ ಮೇಲೆ ಕೂರುತ್ತದೆ. ಫಲಕದ ಮೇಲೆ ಕೂತರೆ ಉತ್ಪಾದನೆ ಇಳಿಯುತ್ತದೆ. ತೊಳೆಯಲು ನೀರೆಲ್ಲಿ? ಕೋಲಾರ ಜಿಲ್ಲೆಗೆ ವರ್ಷವಿಡೀ ಹರಿಯುವ ನದಿಯಿಲ್ಲ, ಪಾಲಾರ್ ಕೂಡ ಮಳೆ ನೆಚ್ಚಿದ ಹೊಳೆ. ಈ ತೊಡಕನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಗಾಜಿನ ಇಳಿಜಾರು ಮಳೆನೀರನ್ನು ತಗಡಿಗಿಂತ ಚೊಕ್ಕವಾಗಿ ಕೆಳಗಿಳಿಸುತ್ತದೆ; ಸೂರಿನಂಚಿಗೆ ದೋಣಿ ಕಟ್ಟಿ ಡ್ರಮ್ಮಿಗೆ ಹರಿಸಿಕೊಂಡರೆ ತೊಳೆಯುವ ನೀರು ಅಲ್ಲಿಯೇ ಸಿಗುತ್ತದೆ, ವಾರಕ್ಕೊಂದು ಬಕೆಟ್ಟು ಸಾಕು. ಗುಡ್ಡಗಳ ಮಗ್ಗುಲಿನ ಬಡಾವಣೆಗಳಿಗಿಂತ ಬೇತಮಂಗಲದಂಥ ಊರು ಈ ಕಾರಣಕ್ಕೇ ಹೆಚ್ಚು ಅನುಕೂಲದ್ದು. ಆಲಿಕಲ್ಲಿನ ಭಯವನ್ನೂ ಕೆಲವರು ಹೇಳುತ್ತಾರೆ. ಫಲಕಗಳಿಗಿರುವ ಅಂತರರಾಷ್ಟ್ರೀಯ ಪರೀಕ್ಷೆಯಲ್ಲಿ 25 ಮಿಲಿಮೀಟರ್ ಗಾತ್ರದ ಮಂಜಿನ ಗುಂಡನ್ನು ಸೆಕೆಂಡಿಗೆ 23 ಮೀಟರ್ ವೇಗದಲ್ಲಿ ಹೊಡೆದು ನೋಡುತ್ತಾರೆ. ಹಳೆಯ ಸಿಮೆಂಟ್ ಶೀಟು ಅಷ್ಟು ತಡೆದೀತೆಂದು ನಂಬುವುದು ಕಷ್ಟ.

ಮೂರನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. 2023ರ ಜುಲೈನಿಂದ ರಾಜ್ಯದ ಗೃಹಜ್ಯೋತಿ ಯೋಜನೆಯಲ್ಲಿ 200 ಯೂನಿಟ್‌ವರೆಗೆ ಬಿಲ್ಲು ಸರ್ಕಾರದ್ದು. ಬಡವರ ಮನೆಗೆ ಕರೆಂಟಿನ ಖರ್ಚೇ ಇಲ್ಲದಾಗ ಸೂರಿಗೆ ದುಡ್ಡು ಸುರಿಯುವುದೇಕೆ? ಬರೀ ಕರೆಂಟಿನ ಲೆಕ್ಕದಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಸೂರಿನ ಲೆಕ್ಕದಲ್ಲಿದೆ. ಯಾವ ಯೋಜನೆಯ ಉಚಿತ ಯೂನಿಟ್ಟೂ ಸೋರುವ ಶೀಟನ್ನು ಬದಲಿಸುವುದಿಲ್ಲ. ಶೀಟು ಬದಲಿಸುವ ಖರ್ಚು ಮನೆಯವರ ಮೇಲೆ ಬೀಳುವುದು ಖಂಡಿತ. ಅದರ ಮೇಲಿನ ಹೆಚ್ಚುವರಿ ಹಣಕ್ಕೆ ಸರ್ಕಾರದ ಕಡೆಯಿಂದಲೂ ಒಂದು ಕಾರಣವಿದೆ: ಉಚಿತ ಕರೆಂಟಿಗೆ ವರ್ಷ ವರ್ಷ ತೆರುವ ಹಣದ ಒಂದು ಭಾಗವನ್ನು ಒಂದೇ ಸಲ ಸೂರಿಗೆ ಹಾಕಿದರೆ ಮುಂದೆ ಹಲವು ವರ್ಷ ಆ ಮನೆಯ ಬಿಲ್ಲಿನ ಹೊರೆ ಇಳಿಯುತ್ತದೆ. 2024ರಲ್ಲಿ ಕೇಂದ್ರ ಆರಂಭಿಸಿದ ಪಿಎಂ ಸೂರ್ಯಘರ್ ಯೋಜನೆಯಲ್ಲಿ 3 ಕಿಲೋವ್ಯಾಟಿಗೆ 78,000 ರೂಪಾಯಿವರೆಗೆ ಸಹಾಯಧನವಿದೆ. ನಿಜವಾದ ಅಡ್ಡಿ ದುಡ್ಡಿಗಿಂತ ಹಕ್ಕುಪತ್ರ. 2001ರ ಫೆಬ್ರವರಿ 28ರಂದು ಗಣಿ ನಡೆಸುತ್ತಿದ್ದ ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದ ಮೇಲೆ ಲೈನುಗಳ ಎಷ್ಟೋ ಕುಟುಂಬಗಳಿಗೆ ವಾಸ ತಮ್ಮದು, ಮನೆ ತಮ್ಮದೋ ಅಲ್ಲವೋ ಎಂಬ ಸ್ಥಿತಿ ಬಹುಕಾಲ ಮುಂದುವರಿಯಿತು. ಮನೆಯ ಕಾಗದ ಕೈಯಲ್ಲಿಲ್ಲದವರಿಗೆ ಸಹಾಯಧನವೂ ಸಾಲವೂ ಎಟುಕವು. ತಟ್ಟಿ ಗೋಡೆಗೆ ತಗಡು ಬಂದದ್ದೂ ಇದೇ ಕಾರಣಕ್ಕೆ: ಕಾಯಂ ಹಕ್ಕಿಲ್ಲದವರ ಮೇಲೆ ಕಾಯಂ ಸೂರು ಯಾರೂ ಹೊದಿಸುವುದಿಲ್ಲ.

ಹಳೆಯ ಸಿಮೆಂಟ್ ಶೀಟು ಕೀಳುವಾಗಿನ ಎಚ್ಚರದ ಮಾತೂ ಇಲ್ಲಿ ಬೇಕು. ಅವುಗಳಲ್ಲಿ ಬಹಳಷ್ಟರಲ್ಲಿ ಆಸ್ಬೆಸ್ಟಾಸ್ ನಾರಿದೆ. ಒಡೆದರೆ ಏಳುವ ಧೂಳು ಶ್ವಾಸಕೋಶಕ್ಕೆ ಕೇಡು. ಗಣಿಯ ಧೂಳು ಕುಡಿದು ಸಿಲಿಕೋಸಿಸ್‌ನಿಂದ ಸತ್ತವರ ಮನೆಗಳಿರುವ ಊರಿನಲ್ಲಿ ಇದನ್ನು ಸುತ್ತಿಗೆಯಿಂದ ಒಡೆದು ಮೋರಿಗೆ ತುಂಬುವುದು ಅಕ್ಷಮ್ಯ. ಶೀಟನ್ನು ನೆನೆಸಿ, ಇಡಿಯಾಗಿ ಇಳಿಸಿ, ಸುತ್ತಿ ಸಾಗಿಸಬೇಕು. ಹಾಗೆಯೇ ದುರಸ್ತಿಯ ಕೈಯೂ ಊರಿನಲ್ಲೇ ತಯಾರಾಗಬೇಕು. ಚಪ್ಪಡಿಗೆ ಕಲ್ಲು ಕೆಲಸದವರಿದ್ದರು, ಹೆಂಚಿಗೆ ಕೈಯಾಡಿಸುವವರಿದ್ದರು, ತಗಡಿಗೆ ಯಾರಾದರೂ ಮೊಳೆ ಹೊಡೆಯಬಲ್ಲವರಾಗಿದ್ದರು. ಕೆಜಿಎಫ್ ಗಣಿಯ ವರ್ಕ್‌ಶಾಪುಗಳಲ್ಲೂ 1964ರಿಂದ ಬೆಮೆಲ್ ಕಾರ್ಖಾನೆಯಲ್ಲೂ ಕೈ ಪಳಗಿದ ಫಿಟ್ಟರು, ವೆಲ್ಡರು, ಎಲೆಕ್ಟ್ರಿಷಿಯನ್ನರ ಊರು. ಈಗ ಅವರ ಮಕ್ಕಳು ದಿನಾ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಕೂಲಿಗೆ ಹೋಗುತ್ತಾರೆ. ಫಲಕದ ಸೂರು ಹೊದಿಸುವ, ಸೋರಿದಾಗ ಹತ್ತಿ ಸರಿಮಾಡುವ ಕಸುಬು ಕಲಿಯಲು ಇವರಿಗಿಂತ ತಕ್ಕವರು ಸಿಗಲಾರರು.

ಆದ್ದರಿಂದ ನನ್ನ ಬೇಡಿಕೆ ಚಿಕ್ಕದು. ಹಕ್ಕುಪತ್ರ ಕೈಸೇರಿದ ಲೈನೊಂದರಲ್ಲಿ ಹತ್ತು ಮನೆ, ಬೇತಮಂಗಲದಲ್ಲಿ ಹತ್ತು ಮನೆ ಆರಿಸಿಕೊಳ್ಳಲಿ. ಹೇಗೂ ಶೀಟು ಬದಲಿಸಬೇಕಾದ ಮನೆಗಳೇ ಆಗಿರಲಿ. ಒಳಚಾವಣಿ ಸಮೇತ ಫಲಕದ ಸೂರು ಹೊದಿಸಿ, ಮೂರು ಬೇಸಿಗೆ ಮೂರು ಮಳೆಗಾಲ ಒಳಗಿನ ಸೆಕೆಯನ್ನೂ ಸೋರಿಕೆಯನ್ನೂ ಯೂನಿಟ್ಟನ್ನೂ ಅಳೆದು, ಆ ಲೆಕ್ಕವನ್ನು ಕನ್ನಡದಲ್ಲೂ ತಮಿಳಿನಲ್ಲೂ ತೆಲುಗಿನಲ್ಲೂ ಊರಿನವರ ಮುಂದೆ ಇಡಲಿ. ಆಮೇಲೆ ಬೇಕೋ ಬೇಡವೋ ಎಂದು ಆ ಮನೆಗಳವರೇ ಹೇಳಲಿ.